ಕೋರಾ ಬಾವಿಯ ದಾರಿ

ಮುಂದೆ ನಡೆಯುತ್ತಿರುವ ಸಿಪಾಯಿಯ ಬೂಟಿನ ಹಿಮ್ಮಡಿಗೆ ಒಂದು ಮೀನಿನ ಹುರುಪೆ ಅಂಟಿಕೊಂಡಿದೆ, ಹೆಜ್ಜೆ ಎತ್ತಿದಾಗ ಮಿಣಕ್ ಎನ್ನುತ್ತದೆ, ಊರಿದಾಗ ಮರಳಿನಲ್ಲಿ ಮುಳುಗುತ್ತದೆ, ಮತ್ತೆ ಮಿಣಕ್ — ಉದುರಬಾರದೇ ಅದು, ಕೋಟೆಯ ಬಾಗಿಲಿನಿಂದ ಅದನ್ನೇ ನೋಡುತ್ತಾ ಬಂದಿದ್ದಾಳೆ ದಹಬೋ, ತಲೆ ಎತ್ತಿದರೆ ತಮ್ಮನ ಬೆನ್ನು ಕಾಣುತ್ತದೆ, ಅದನ್ನು ನೋಡುವುದಕ್ಕಿಂತ ಈ ಹುರುಪೆಯೇ ವಾಸಿ. ಸುಲ್ತಾನ್ ಲೀಬಾನ್, ದೀನ್ಲೆಯ ಒಡೆಯ, ನಿನ್ನೆಯವರೆಗೆ. ಇವತ್ತು ಬಿಸಿಲೇರುವ ಮೊದಲು ಹಡಗಿಗೆ ಹತ್ತಿಸಿ ಮುಗಿಸಬೇಕಾದ ಒಂದು ಸಾಮಾನು. ಅವನ ತಲೆಯ ಮೇಲೆ ಕೆಂಪು ರೇಷ್ಮೆಯ ಕೊಡೆ ಇಲ್ಲ, ಕೊಡೆ ಹಿಡಿಯುವವನೂ ಇಲ್ಲ, ಅವನು ಮೊನ್ನೆಯೇ ಇಟಲಿಯವರ ಅಡುಗೆಮನೆಯಲ್ಲಿ ಕೆಲಸಕ್ಕೆ ನಿಂತನಂತೆ, ನಿಲ್ಲಲಿ, ಎಲ್ಲರ ಹೊಟ್ಟೆಯೂ ಎಲ್ಲೋ ಒಂದು ಕಡೆ ತುಂಬಲೇಬೇಕಲ್ಲ. ಐವತ್ತೆರಡು ವರ್ಷದ ಮೊಣಕಾಲು ಮರಳಿನಲ್ಲಿ ಕಟಕಟ ಅನ್ನುತ್ತದೆ. ಹಿಂದೆ ತಮ್ಮನ ಹೆಂಡಂದಿರಿಬ್ಬರು ಮುಸುಕಿನೊಳಗೇ ಬಿಕ್ಕುತ್ತಿದ್ದಾರೆ, ಒಬ್ಬಳು ನಿಂತರೆ ಇನ್ನೊಬ್ಬಳು ಶುರು, ಇಷ್ಟು ವರ್ಷದಲ್ಲಿ ಇಬ್ಬರೂ ಒಂದು ಮಾತಿಗೆ ಒಪ್ಪಿದವರಲ್ಲ, ಅಳುವುದರಲ್ಲಾದರೂ ಸರದಿ ಹಂಚಿಕೊಂಡಿದ್ದಾರೆ. ನಿಧಾನ ಅಮ್ಮಾ, ನಿಧಾನ, ಕಲ್ಲಿದೆ, ಎನ್ನುತ್ತಾನೆ ಪಕ್ಕದಲ್ಲಿ ನಡೆಯುತ್ತಿರುವ ಇಟಲಿಯವರ ಕಪಿತಾನ, ಬಿಳಿ ಟೊಪ್ಪಿಗೆ, ಬೆವರಿನಿಂದ ಒದ್ದೆಯಾದ ಕಾಲರು, ನಮ್ಮ ಭಾಷೆಯ ನಾಲ್ಕೇ ಮಾತು ಬರುತ್ತದೆ ಅವನಿಗೆ, ಅದರಲ್ಲಿ ಈ ಅಮ್ಮಾ ಎನ್ನುವುದನ್ನು ಕಲಿಸಿದವಳು ಅವಳೇ, ಮೂರು ವರ್ಷದ ಹಿಂದೆ, ಅವನ ಮನೆಯ ನೀಲಿ ಕಿಟಕಿಯ ಪಕ್ಕ ಕೂತು, ಅವನ ಹೆಂಡತಿ ಮಾಡಿಕೊಟ್ಟ ಕಹಿ ಕಾಫಿ ಕುಡಿಯುತ್ತಾ. ಹಾಗಲ್ಲ, ತುಟಿ ಮುಚ್ಚಿ ಹೇಳಬೇಕು, ಅಮ್ಮಾ. ಚೆನ್ನಾಗಿ ಕಲಿತಿದ್ದಾನೆ. ಎಲ್ಲವನ್ನೂ ಚೆನ್ನಾಗಿ ಕಲಿತಿದ್ದಾನೆ.

ಊರು ಬಾಗಿಲ ಸಂದಿಯಿಂದ ನೋಡುತ್ತಿದೆ. ಹೊರಗೆ ಒಬ್ಬರೂ ಇಲ್ಲ, ಮೀನು ಒಣಹಾಕುವ ಹೆಂಗಸರು ಕೂಡ ಹಗ್ಗದ ಮೇಲೆ ಮೀನನ್ನು ಬಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದಾರೆ, ಸಂದಿಯಲ್ಲಿ ಮಾತ್ರ ಕಣ್ಣು, ಒಂದರ ಮೇಲೊಂದು, ಅವ್ವನ ಕಣ್ಣಿನ ಕೆಳಗೆ ಮಗಳ ಕಣ್ಣು. ನೋಡಲಿ. ಅಪ್ಪ ಈ ದಂಡೆಗೆ ಬಂದಿಳಿದಾಗಲೂ ಹೀಗೇ ನೋಡಿದ್ದರಂತೆ, ಆಗ ಇಲ್ಲಿ ಇದ್ದದ್ದು ಹುಲ್ಲಿನ ಹನ್ನೆರಡು ಗುಡಿಸಲು, ಒಡೆದ ದೋಣಿ ಎರಡು. ಅಪ್ಪ, ಸುಲ್ತಾನ್ ವರ್ಫಾ, ಆಗಿನ್ನೂ ಸುಲ್ತಾನನಲ್ಲ, ಬರೀ ವರ್ಫಾ, ಉತ್ತರದ ಸುಲ್ತಾನನ ಚಿಕ್ಕಪ್ಪನ ಮಗ, ಪಾಲು ಕೇಳಲು ಹೋದವನು. ಒಂದು ಬಂದರನ್ನಾದರೂ ನನ್ನ ಹೆಸರಿಗೆ ಬಿಡು ಅಣ್ಣಾ ಅಂದನಂತೆ ಅಪ್ಪ. ಆ ಅಣ್ಣ ಖರ್ಜೂರದ ಬೀಜ ಉಗುಳಿ ನಕ್ಕನಂತೆ, ಬಂದರು ಯಾಕಪ್ಪಾ, ದಕ್ಷಿಣಕ್ಕೆ ಬೇಕಾದಷ್ಟು ಮರಳಿದೆ ಹೋಗು, ಅದರ ಮೇಲೆ ಕೂತ್ಕೊಂಡು ಸುಲ್ತಾನ ಅಂತ ಕೂಗ್ಕೋ, ಏಡಿಗಳು ಬಂದು ಸಲಾಂ ಹೊಡೀತಾವೆ. ಆ ಏಡಿಯ ಮಾತನ್ನು ಅಪ್ಪ ಸಾಯುವ ತನಕ ಮರೆಯಲಿಲ್ಲ, ಮುದುಕನಾದ ಮೇಲೂ ದಂಡೆಯಲ್ಲಿ ಏಡಿ ಕಂಡರೆ ಕೋಲಿನಿಂದ ಚುಚ್ಚಿ, ಏನಯ್ಯಾ, ಇನ್ನೂ ಸಲಾಂ ಹೊಡೆದಿಲ್ಲವಲ್ಲ ನೀನು, ಎನ್ನುತ್ತಿದ್ದ, ಅವಳೂ ಲೀಬಾನನೂ ಬಿದ್ದು ಬಿದ್ದು ನಗುತ್ತಿದ್ದರು, ಆಗ ಲೀಬಾನನಿಗೆ ಮುಂದಿನ ಹಲ್ಲೇ ಇರಲಿಲ್ಲ.

ಈ ಕಥೆಯನ್ನೇ ಅಲ್ಲವೇ ಅವಳು ಹೇಳಿದ್ದು, ಅವತ್ತು, ನೀಲಿ ಕಿಟಕಿಯ ಪಕ್ಕ. ಹೇಳಬೇಕೆಂದು ಹೋದವಳಲ್ಲ. ಕಪಿತಾನನ ಹೆಂಡತಿಗೆ ಬೇಸರವಂತೆ, ಮಾತಾಡಲು ಹೆಂಗಸರಿಲ್ಲವಂತೆ, ಸುಲ್ತಾನನ ಅಕ್ಕ ಬಂದರೆ ಸಂತೋಷವಂತೆ ಅಂತ ಚೀಟಿ ಬಂತು. ಹೋಗ್ಬಾ ಅಕ್ಕಾ, ಅವರನ್ನ ಚೆನ್ನಾಗಿ ಇಟ್ಕೊಂಡಿರೋದು ಒಳ್ಳೇದು, ಅಂದ ಲೀಬಾನ್. ಜೊತೆಗೆ ಸಮತರನನ್ನು ಕಳಿಸಿದ. ಸಮತರ್ ಬೇರೆ ಯಾರೋ ಅಲ್ಲ, ಅವಳ ಹಾಲಿನ ತಮ್ಮ. ಅವ್ವ ಹೆತ್ತು ಹಾಸಿಗೆ ಹಿಡಿದಾಗ ದಹಬೋಗೆ ಮೊಲೆ ಕೊಟ್ಟವಳು ಅರ್ದೋ, ಆ ಅರ್ದೋಳ ಕೊನೆಯ ಮಗ, ಉದ್ದಕ್ಕೆ ಒಣಗಿದ ಕಟ್ಟಿಗೆಯಂಥ ಆಳು, ಕೋರಾ ಬಾವಿಯ ಕಾವಲಿನವನು, ಏನೋ ಕೆಲಸಕ್ಕೆ ಆ ವಾರ ಕೋಟೆಗೆ ಬಂದಿದ್ದ. ಬಾಗಿಲ ಹತ್ತಿರ ಬಂದೂಕು ಊರಿಕೊಂಡು ನಿಂತ, ಕೂರು ಅಂದರೂ ಕೂರಲಿಲ್ಲ. ಕಾಫಿ ಬಂತು, ಗಟ್ಟಿಯಾದ ಬಿಸ್ಕತ್ತು ಬಂತು, ಸಾಲಂ ಎನ್ನುವ ಅರಬ ದುಭಾಷಿ ಇಬ್ಬರ ನಡುವೆ ಬೆವರುತ್ತಾ ಕೂತ. ಕಪಿತಾನ ನಗುತ್ತಾ ಏನೋ ಅಂದ. ಸಾಲಂ ಅವಳ ಮುಖ ನೋಡದೆ ಹೇಳಿದ — ನಿಮ್ಮ ತಂದೆ ಅದೃಷ್ಟವಂತರು ಅಂತಾರೆ ಸಾಹೇಬರು, ನಮ್ಮ ರಾಜರು ಒಂದು ಕಾಗದಕ್ಕೆ ರುಜು ಹಾಕಿದ್ರು, ಮರುದಿನ ಬೆಳಿಗ್ಗೆ ಒಬ್ಬ ಮೀನುಗಾರ ಸುಲ್ತಾನನಾಗಿ ಎದ್ದ, ಇಂಥ ಕಥೆ ಎಲ್ಲೂ ಇಲ್ಲ ಅಂತಾರೆ. ಮೀನುಗಾರ. ಅವಳ ಕಿವಿ ಉರಿಯಿತು. ಈಗಲೂ ಉರಿಯುತ್ತದೆ, ಬಿಸಿಲಿಗೋ ಅದಕ್ಕೋ. ಹೇಳು ಅವನಿಗೆ ಸಾಲಂ, ಅಂದಳು, ಒಂದು ಮಾತೂ ಬಿಡದೆ ಹೇಳು, ನಮ್ಮಪ್ಪ ಈ ನೆಲ ಹಿಡಿದಾಗ ಇವನ ರಾಜನಿಗೆ ನಮ್ಮ ಸಮುದ್ರ ಯಾವ ಕಡೆ ಇದೆ ಅಂತಾನೂ ಗೊತ್ತಿರಲಿಲ್ಲ.

ಹೇಳಿದಳು. ಏಡಿಯ ಮಾತು ಹೇಳಿದಳು. ದಂಡೆಯ ಕುಲದವರು ಸೇರಿ ಅಪ್ಪನನ್ನು ಓಡಿಸಿದ್ದು, ನಲವತ್ತು ಜನ ನೀರಿಲ್ಲದ ಬಯಲಿಗೆ ನುಗ್ಗಿದ್ದು, ಸಾಯಲಿ ಬಿಡು ಅಂತ ದಂಡೆಯವರು ಹಿಂದಕ್ಕೆ ತಿರುಗಿದ್ದು, ಒಂಟೆಯ ಹೊಟ್ಟೆ ಸೀಳಿ ಒಳಗಿನ ಹಸಿರು ನೀರು ಹಿಂಡಿ ಕುಡಿದದ್ದು — ಕಪಿತಾನನ ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು, ಅವಳ ಕಣ್ಣು ಅಗಲವಾಯಿತು, ಕೇಳುವವರ ಕಣ್ಣು ಹಾಗೆ ಅಗಲವಾದರೆ ಹೇಳುವವರ ನಾಲಿಗೆಗೆ ಲಗಾಮು ಎಲ್ಲಿರುತ್ತದೆ. ಆಗ ಅರ್ದೋಳ ಗಂಡ ಸಿಕ್ಕಿದ, ಒಳನಾಡಿನ ಒಂಟೆ ಕಾಯುವವನು, ಅವನ ಕುಲದವರ ಬಾವಿ ಅದು, ಕೋರಾ, ಹೊರಗಿನ ಒಬ್ಬನಿಗೂ ಗೊತ್ತಿಲ್ಲದ ಬಾವಿ, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮರಳು ಹರಡಿ, ಮುಳ್ಳು ಹಾಕಿ, ಮೇಕೆ ಓಡಾಡಿಸಿಬಿಟ್ಟರೆ ಮೇಲೆ ನಿಂತವನಿಗೂ ಕಾಲ ಕೆಳಗೆ ನೀರಿದೆ ಅಂತ ತಿಳಿಯದು. ಏಳು ತಿಂಗಳು ಅಪ್ಪ ಅಲ್ಲಿ ಕೂತ. ಅಲ್ಲಿಂದ ಬರುವುದು, ದಂಡೆಯವರಿಗೆ ಹೊಡೆಯುವುದು, ಮತ್ತೆ ಬಯಲಿನಲ್ಲಿ ಮಾಯವಾಗುವುದು. ಅಟ್ಟಿಸಿಕೊಂಡು ಹೋದವರು ಎರಡನೇ ದಿನಕ್ಕೆ ನಾಲಿಗೆ ಹೊರಗೆ ಹಾಕಿಕೊಂಡು ವಾಪಸು. ಹಾಗೆ ಗೆದ್ದದ್ದು ದೀನ್ಲೆಯನ್ನು, ಕಾಗದದಿಂದಲ್ಲ, ಹೇಳು ಅವನಿಗೆ. ಹವಳದ ಕಲ್ಲು ಸುಟ್ಟು ಸುಣ್ಣ ಮಾಡಿ ನಾಲ್ಕು ಬುರುಜಿನ ಕೋಟೆ ಕಟ್ಟಿದ, ಧೂಪದ ಗೋಂದಿಗೆ ತೊಗಲಿಗೆ ಮಸ್ಕತ್ತಿನಿಂದ ಕಛ್‌ನಿಂದ ಹಡಗು ಬಂದು ಲಂಗರು ಹಾಕಿದವು, ಓಡಿಸಿದ ಕುಲದವರೇ ಬಂದು ಹೆಣ್ಣು ಕೊಟ್ಟರು, ಆಮೇಲೆ, ಅದೆಲ್ಲ ಆದ ಮೇಲೆ ನಿಮ್ಮ ಹಡಗು ಬಂದದ್ದು. ಸಾಲಂ ತಡವರಿಸುತ್ತಾ ಹೇಳುತ್ತಿದ್ದ. ಕಪಿತಾನ ನಗಲಿಲ್ಲ, ಚರ್ಮದ ಹೊದಿಕೆಯ ಪುಟ್ಟ ಪುಸ್ತಕ ತೆಗೆದಿದ್ದ, ತುಂಬಾ ಮರ್ಯಾದೆಯಿಂದ ಕೇಳಿದ — ಸುಂದರವಾದ ಕಥೆ ಅಮ್ಮಾ, ಆದರೆ ಅಂಥಾ ಬಾವಿ ನಿಜವಾಗ್ಲೂ ಇದೆಯಾ, ಇಲ್ಲಾ ಕಥೆಗೆ ಸೇರಿಸಿದ್ದಾ? ಸೇರಿಸಿದ್ದಾ! ಕೆಂಪು ಗುಡ್ಡ ಬಿಟ್ಟು ಬೆಳಗಿನ ನೆರಳನ್ನ ಮುಂದಿಟ್ಕೊಂಡು ಎರಡು ದಿನ ನಡಿ ಅನ್ನು ಅವನಿಗೆ, ಮಂಡಿಯೂರಿದ ಒಂಟೆ ಹಾಗೆ ಒಂದು ಕರೀ ಬಂಡೆ ಸಿಗುತ್ತೆ ಅನ್ನು, ಅದರ ಮೂತಿ ಯಾವ ಕಡೆಗಿದೆಯೋ ಆ ಕಡೆ ನೂರು ಹೆಜ್ಜೆ ಅನ್ನು, ಸೇರಿಸಿದ್ದಂತೆ! ಆ ಮಾತಿನ ನಡುವೆಯೇ ಬಾಗಿಲಲ್ಲಿ ಸಮತರ್ ಕೆಮ್ಮಿದ. ಅವಳಿಗೆ ಕೇಳಿಸಿತು. ಇನ್ನೊಮ್ಮೆ ಕೆಮ್ಮಿದ. ಅದೂ ಕೇಳಿಸಿತು. ಬಂಡೆಯ ಮೂತಿಯ ಮಾತು ಎರಡನೇ ಕೆಮ್ಮಿನ ಆಚೆಗೆ ಬಂದದ್ದು, ಈಚೆಗಲ್ಲ, ಎಷ್ಟು ಸಲ ಹಿಂದೆ ಮುಂದೆ ಮಾಡಿ ನೋಡಿದರೂ ಆಚೆಗೇ.

ವಾಪಸು ಬರುವ ದಾರಿಯಲ್ಲಿ, ಇದೇ ದಾರಿ, ಸಮತರ್ ಕೋಟೆಯ ನೆರಳಿಗೆ ಬಂದ ಮೇಲೆ ಅಂದ — ಕಥೆ ಚೆನ್ನಾಗಿ ಹೇಳ್ದೆ ಅಕ್ಕಾ, ನನಗೇ ಮೈ ಜುಮ್ಮಂತು. ಆ ಬಂಡೆ ಒಂದನ್ನ ಬಿಟ್ಟಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ಅವಳು ಸಿಡುಕಿದಳು, ನಿಮ್ಮವ್ವನ ಹಾಲು ಕುಡಿದಿದೀನಿ ಅಂತ ನೀನು ನನಗೆ ಬುದ್ಧಿ ಹೇಳೋಹಾಗಾಯ್ತಾ. ಅವನು ನಕ್ಕುಬಿಟ್ಟ, ಹಲ್ಲಿನ ಕಡ್ಡಿಯನ್ನು ಬಾಯಿಯ ಆ ಕಡೆಯಿಂದ ಈ ಕಡೆಗೆ ಹೊರಳಿಸಿ, ಬೈಯಕ್ಕಾ ಬೈಯಿ, ನಿನ್ನ ಕೈಲಿ ಬೈಸ್ಕೊಂಡ ದಿನ ನನಗೆ ಊಟ ರುಚಿಯಾಗುತ್ತೆ, ಅಂದ. ಅಷ್ಟೇ. ಆ ವಿಷಯ ಅವನು ಮತ್ತೆ ಎತ್ತಲಿಲ್ಲ. ಆ ಹೊತ್ತಿಗೆ ಎತ್ತುವಂಥದ್ದು ಏನಿತ್ತು, ಇಟಲಿಯವರು ನಮ್ಮ ಗೆಳೆಯರು, ಅಪ್ಪನ ಕಾಲದಲ್ಲಿ ಅವರು ಕೊಟ್ಟ ಬಾವುಟ ಇನ್ನೂ ಬುರುಜಿನ ಮೇಲೆ ಹಾರುತ್ತಿತ್ತು, ಅಪ್ಪ ಅದನ್ನು ಏರಿಸಿದ ದಿನ ಅವಳ ಕಿವಿಯಲ್ಲಿ ಹೇಳಿದ್ದ, ಉತ್ತರದೋನ ಹೊಟ್ಟೆ ಉರೀಲಿ ಅಂತ ಏರಿಸ್ತಿದೀನಿ ಕಣೇ ಮಗಳೇ, ಬಟ್ಟೆ ತುಂಡು ತಾನೆ, ಹಡಗು ಕಂಡಾಗ ಏರಿಸೋದು, ಹಡಗು ಹೋದ ಮೇಲೆ ಇಳಿಸಿ ಕೈ ಒರೆಸ್ಕೊಳ್ಳೋದು. ಅದೇ ತಿಂಗಳು, ಅದೇ ಹಡಗು, ಉತ್ತರದವನ ಬುರುಜಿಗೂ ಅದೇ ಬಟ್ಟೆಯ ಇನ್ನೊಂದು ತುಂಡು ಕೊಟ್ಟು ಬಂದಿತ್ತು ಅಂತ ತಿಳಿದಾಗ ಅಪ್ಪ ಎರಡು ದಿನ ಊಟ ಮಾಡಲಿಲ್ಲ. ಬಟ್ಟೆಯ ಜೊತೆ ಅಪ್ಪನ ಕೈಲಿ ರುಜು ಹಾಕಿಸಿಕೊಂಡದ್ದು ಎರಡು ಕಾಗದ, ಎರಡು ಭಾಷೆ. ನಮ್ಮದರಲ್ಲಿ ಗೆಳೆತನ ಅಂತ ಬರೆದಿತ್ತು, ಅವರದರಲ್ಲಿ ಏನು ಬರೆದಿತ್ತು ಅಂತ ಓದಬಲ್ಲವರು ದೀನ್ಲೆಯಲ್ಲಿ ಒಬ್ಬರೂ ಇರಲಿಲ್ಲ.

ಮೂವತ್ತಾರು ವರ್ಷ ಬಿಟ್ಟು ಇಟಲಿಯವರೇ ಓದಿ ಹೇಳಿದರು, ನೆಲ ಅವರದಂತೆ. ಹೊಸ ಗವರ್ನರು ಬಂದನಂತೆ ದಕ್ಷಿಣದಲ್ಲಿ, ಬಂದೂಕುಗಳನ್ನೆಲ್ಲ ತಂದೊಪ್ಪಿಸಿ ಅಂತ ಅಪ್ಪಣೆ, ಅವರೇ ಕೊಟ್ಟ ಬಂದೂಕು, ಉತ್ತರದವನಿಗೆ ಹೊಡೆಯಿರಿ ಅಂತ ನಮಗೆ ಕೊಟ್ಟದ್ದು, ನಮಗೆ ಹೊಡೆಯಿರಿ ಅಂತ ಅವನಿಗೂ ಕೊಟ್ಟದ್ದು. ಲೀಬಾನ್ ಸಭೆ ಕರೆದ, ಎಲ್ಲರೂ ಗಡ್ಡ ಸವರಿಕೊಂಡು ಕೂಗಾಡಿದರು, ಬರಲಿ ಸಮುದ್ರದಿಂದ, ಕೆರದಲ್ಲಿ ಹೊಡೆದು ಕಳಿಸ್ತೀವಿ. ಅಪ್ಪನ ಕಾಲದಿಂದ ಸಮುದ್ರದ ಕಡೆಗೇ ಮುಖ ಮಾಡಿ ನಿಂತಿದ್ದ ಕೋಟೆಯ ಏಳು ತೋಪುಗಳಿಗೂ ಎಣ್ಣೆ ಹಚ್ಚಿದರು. ಬಯಲಿನ ಕಡೆ ಯಾಕೆ ನೋಡಬೇಕು, ಆ ಕಡೆಯಿಂದ ಯಾರು ಬರುತ್ತಾರೆ, ಎರಡು ದಿನ ನೀರಿಲ್ಲದ ದಾರಿ, ಬಂದವರು ಹೆಣವಾಗಿ ಬರುತ್ತಾರೆ. ಸಮುದ್ರದ ಮೇಲೆ ಹಡಗು ಬಂದು ದೂರದಲ್ಲಿ ನಿಂತಿತು, ಮೂರು ದಿನ ಸುಮ್ಮನೆ ನಿಂತಿತು, ನಮ್ಮವರು ಅದನ್ನು ನೋಡುತ್ತಾ ಬೈಯುತ್ತಾ ಕೂತರು. ನಾಲ್ಕನೇ ದಿನ ಮಧ್ಯಾಹ್ನ ಬಯಲಿನ ಕಡೆಯ ಬಾಗಿಲಿಗೆ ಸಮತರ್ ಬಂದು ಬಿದ್ದ, ತುಟಿ ಸೀಳಿ ರಕ್ತ ಹೆಪ್ಪುಗಟ್ಟಿತ್ತು, ಭುಜದಲ್ಲಿ ಗುಂಡಿನ ತೂತು, ಜೊತೆಗಿದ್ದ ಎಂಟು ಜನರಲ್ಲಿ ಒಬ್ಬನೂ ಇಲ್ಲ. ನೀರು ಕುಡಿಸಿದವಳು ಅವಳೇ. ಕೋರಾ ಹೋಯ್ತು ಅಕ್ಕಾ, ಅಂದ, ನೆಟ್ಟಗೆ ಬಂದ್ರು, ಬಂಡೆಯಿಂದ ನೂರು ಹೆಜ್ಜೆ ಎಣಿಸ್ಕೊಂಡು ಬಂದ್ರು, ನಾನು ನೋಡ್ದೆ, ಒಬ್ಬ ಬಾಯಲ್ಲಿ ಎಣಿಸ್ತಾನೇ ಇದ್ದ. ಕುಡಿಸುತ್ತಿದ್ದ ಬಟ್ಟಲು ಅವಳ ಕೈಯಲ್ಲಿ ವಾಲಿತು, ಅವನು ತನ್ನ ಕೈಯಿಂದ ಬಟ್ಟಲನ್ನು ಹಿಡಿದ, ಚೆಲ್ಲಬೇಡ, ಅಂದ, ಇನ್ಮೇಲೆ ನೀರು ಚೆಲ್ಲಬಾರದು.

ವಿಚಾರಣೆ ಮರುದಿನ, ಒಳ ಅಂಗಳದಲ್ಲಿ. ಹೆಂಗಸರು ಮಹಡಿಯ ಮರದ ಜಾಲರಿಯ ಹಿಂದೆ. ಲೀಬಾನ್ ಅಪ್ಪನ ಕುರ್ಚಿಯಲ್ಲಿ ಕೂತು ಕೇಳಿದ — ದಾರಿ ಹೇಳಿದವರು ಯಾರು? ಎದುರಿಗೆ ಸಮತರ್, ಭುಜಕ್ಕೆ ಬಟ್ಟೆ ಕಟ್ಟಿಕೊಂಡು. ಬಾವಿ ನಿನ್ನ ಕಾವಲು. ಹೌದು. ಎಂಟು ಜನ ಸತ್ತು ನೀನೊಬ್ಬ ಉಳಿದೆ. ಹೌದು. ಯಾರು ಹೇಳಿದ್ರು, ಬಾಯಿ ಬಿಡು. ಸಮತರ್ ನೆಲ ನೋಡಿದ. ಒಂದೇ ಒಂದು ಸಲ ಕತ್ತೆತ್ತಿ ಜಾಲರಿಯ ಕಡೆ ನೋಡಿದ್ದರೆ ಸಾಕಾಗಿತ್ತು, ಅವಳು ಕೂಗಿಬಿಡುತ್ತಿದ್ದಳು, ನೋಡಲಿಲ್ಲ, ಅದಕ್ಕೇ ಕೂಗಲಿಲ್ಲ — ಏನು ಮಾತು ಇದು, ಅವನು ನೋಡಲಿಲ್ಲ ಅಂತ ತಪ್ಪು ಅವನದೇ ಏನು. ಬಾಯಿ ತೆರೆದದ್ದು ನಿಜ. ಬೆರಳು ಜಾಲರಿಯ ತೂತಿನಲ್ಲಿ ಸಿಕ್ಕಿಸಿಕೊಂಡದ್ದು ನಿಜ. ಆಗ ಅಂದುಕೊಂಡಳು, ಇಷ್ಟು ಜನರ ಮುಂದೆ ಬೇಡ, ತಮ್ಮನಿಗೆ ಒಬ್ಬನಿಗೇ ಹೇಳಿದರಾಯಿತು, ಅವಸರ ಏನಿದೆ, ಹಿರಿಯರು ಮರದ ಕೆಳಗೆ ಕೂರುತ್ತಾರೆ, ಚಹಾ ಕುಡಿಯುತ್ತಾರೆ, ಅವನ ಕುಲದವರು ಬರುತ್ತಾರೆ, ನಮ್ಮ ಕುಲದವರು ಬರುತ್ತಾರೆ, ಒಂದು ಒಂಟೆ ಕಳೆದರೇ ನಾಲ್ಕು ದಿನ ಎಳೆಯುವವರು, ಮನುಷ್ಯನ ಜೀವಕ್ಕೆ ಎಂಟು ದಿನ ಎಳೆಯದೇ ಬಿಟ್ಟಾರೆಯೇ, ಇವತ್ತು ಸಾಯಂಕಾಲ ಹೇಳುತ್ತೇನೆ, ಊಟದ ಮೇಲೆ, ಅವನ ಕೋಪ ಇಳಿದ ಮೇಲೆ. ಮಧ್ಯಾಹ್ನದ ನಮಾಜಿಗೆ ಕಾಲು ತೊಳೆಯುತ್ತಿದ್ದಳು. ಹಿಂದಿನ ಗೋಡೆಯ ಕಡೆಯಿಂದ ಸದ್ದು ಕೇಳಿಸಿತು, ನಾಲ್ಕು ಸದ್ದು, ಮೂರು ಒಟ್ಟಿಗೆ, ಒಂದು ತಡವಾಗಿ. ಯಾರೋ ಗುರಿ ಅಭ್ಯಾಸ ಮಾಡ್ತಿದಾರೆ ಅಂದಳು ಕಿರಿಯ ನಾದಿನಿ. ಕಾಲು ತೊಳೆದು ಮುಗಿಸಿದಳು. ನಮಾಜು ಮಾಡಿದಳು. ಮಾಡಿದಳು, ಹೌದು, ಪೂರ್ತಿ ಮಾಡಿದಳು, ಹಣೆ ನೆಲಕ್ಕೆ ಮುಟ್ಟಿಸುವ ಒಂದು ಸಜದಾ ಕೂಡ ಬಿಡದೆ.

ಮರುದಿನ ಬೆಳಗಾಗುವಷ್ಟರಲ್ಲಿ ಸಮತರನ ಕುಲದವರು ಹೊರಟುಹೋಗಿದ್ದರು, ಡೇರೆ ಬಿಚ್ಚಿ, ಒಂಟೆ ಹೊಡೆದುಕೊಂಡು, ನಾನೂರು ಬಂದೂಕು, ಕೋಟೆಯ ಅರ್ಧ ಬಲ. ಬಯಲಿನ ಕಡೆಯ ಬಾಗಿಲಿಗೆ ನಿಲ್ಲಿಸಲು ಜನ ಸಾಲಲಿಲ್ಲ. ಬಯಲಿನಿಂದ ಬಂದ ಇಟಲಿಯವರನ್ನು ತಡೆದದ್ದು ಒಂಬತ್ತು ದಿನ. ಸಮುದ್ರ ನೋಡುತ್ತಿದ್ದ ತೋಪುಗಳು ಒಂದು ಗುಂಡನ್ನೂ ಹಾರಿಸಲಿಲ್ಲ, ಹಿಂದಕ್ಕೆ ತಿರುಗಿಸೋಣವೆಂದರೆ ಅಪ್ಪನ ಕಾಲದ ಸುಣ್ಣದಲ್ಲಿ ಗಾಲಿ ಹೂತು ಕಲ್ಲಾಗಿತ್ತು. ಹತ್ತನೇ ದಿನ ಲೀಬಾನ್ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ. ಕಪಿತಾನ ಬಟ್ಟೆಯನ್ನು ವಾಪಸು ಕೊಟ್ಟು ಕತ್ತಿ ಇಟ್ಟುಕೊಂಡ, ತುಂಬಾ ಮರ್ಯಾದೆಯವನು.

ಮರಳು ಒದ್ದೆಯಾಗುತ್ತಿದೆ ಕಾಲ ಕೆಳಗೆ, ದಂಡೆ ಬಂತು, ಅಲೆ ಬೆಳ್ಳಗೆ ಬಂದು ಬಿದ್ದು ಹಿಂದಕ್ಕೆ ಹೋಗುತ್ತಿದೆ, ಆಚೆ ಹಡಗಿನ ಹೊಗೆ, ಈಚೆ ದೋಣಿ, ದೋಣಿಯವರು ಮೊಣಕಾಲು ನೀರಿನಲ್ಲಿ ನಿಂತು ಅಂಚು ಹಿಡಿದಿದ್ದಾರೆ — ಯಾರೋ ಹೆಂಗಸು ಓಡಿ ಬರುತ್ತಿದ್ದಾಳೆ, ಮೀನಿನ ಹಗ್ಗಗಳ ಮಧ್ಯದಿಂದ, ಊರಿಗೆ ಊರೇ ಚಿಲಕ ಹಾಕಿಕೊಂಡಿರುವಾಗ ಇವಳೊಬ್ಬಳು, ಬಾಗಿದ ಬೆನ್ನು, ಕಂಕುಳಲ್ಲಿ ಹಾಲಿನ ಗಡಿಗೆ, ಬೇರಿನಿಂದ ಹೆಣೆದದ್ದು, ಒಂಟೆ ಹಾಲಿನ ಹೊಗೆವಾಸನೆ ಇಲ್ಲಿಗೇ ಬರುತ್ತಿದೆ. ಸಿಪಾಯಿ ಅಡ್ಡ ನಿಂತ. ಬಿಡು ಎನ್ನುವ ಹಾಗೆ ಕೈ ಆಡಿಸಿದ ಕಪಿತಾನ, ಮುದುಕಿ ತಾನೆ. ಅರ್ದೋ. ದಹಬೋ ನಿಂತಳು. ಅರ್ದೋ ಹತ್ತಿರ ಬಂದು ಮುಖ ಎತ್ತಲಿಲ್ಲ, ಗಡಿಗೆಯನ್ನು ಮುಂದಕ್ಕೆ ಚಾಚಿದಳು, ದಾರೀಲಿ ಕುಡಿಯೋಕೆ ಇರ್ಲಿ ನನ್ನವ್ವಾ, ಅವರ ನೀರು ನಂಬಬೇಡ, ಬೆಳಿಗ್ಗೆ ಕರೆದದ್ದು. ದಹಬೋ ಗಡಿಗೆ ತೆಗೆದುಕೊಂಡಳು. ನಿಮ್ಮವರ ಜೊತೆ ನೀನು ಹೋಗ್ಲಿಲ್ವಾ, ಅಂದಳು, ಏನಾದರೂ ಅನ್ನಬೇಕಲ್ಲ. ಹೇಗೆ ಹೋಗ್ಲಿ, ಅಂದಳು ಅರ್ದೋ, ಯಾವ ಮುಖ ಇಟ್ಕೊಂಡು ಹೋಗ್ಲಿ, ಅವರು ಅವನನ್ನ ಹುತಾತ್ಮ ಅಂತಾರೆ, ನನಗೆ ಗೊತ್ತಲ್ಲ, ಬಾವೀನ ಕಾಯೋನೇ ಮಾರ್ಕೊಂಡ. ಅವರಪ್ಪ ನಿಮ್ಮಪ್ಪನಿಗೆ ಕೊಟ್ಟ ಬಾವಿ ಅದು. ಈ ಎದೆ ಹಾಲು ಕುಡ್ಕೊಂಡೇ ನನ್ನ ಮಗ ನಿಮ್ಮ ಮನೆ ಹಾಳು ಮಾಡ್ದ. ಆಮೇಲೆ ಅರ್ದೋ ಕೂತುಬಿಟ್ಟಳು, ಒದ್ದೆ ಮರಳಿನ ಮೇಲೆ, ದಹಬೋಳ ಕಾಲು ಹಿಡಿದುಕೊಂಡಳು, ಎರಡೂ ಕೈಯಿಂದ — ಅವನನ್ನ ಕ್ಷಮಿಸ್ದೆ ಅಂತ ಒಂದು ಮಾತು ಹೇಳಿಬಿಡವ್ವಾ. ನೀನು ಹೇಳಿದ್ರೆ ಸಾಕು. ಗೋರಿಯಲ್ಲಿ ಅವನಿಗೆ ಮೈ ಉರೀತಿರುತ್ತೆ. ನೀನೂ ನನ್ನ ಹಾಲು ಕುಡಿದೋಳು, ನಿನ್ನ ಮಾತು ನಡೆಯುತ್ತೆ.

ಹೇಳು. ಈಗ ಹೇಳು. ಅರ್ದೋ, ನಿನ್ನ ಮಗ ಏನೂ ಮಾಡಿಲ್ಲ, ನಾನು — ಎಷ್ಟು ಚಿಕ್ಕ ಮಾತು, ನಾಲಿಗೆಯ ಬುಡದಲ್ಲಿ ಇತ್ತು, ಏಡಿಯ ಕಥೆ ಒಂಟೆಯ ಹೊಟ್ಟೆಯ ಕಥೆ ಎಲ್ಲ ಹೇಳಿದ ನಾಲಿಗೆ, ಬಂಡೆಯ ಮೂತಿ ಯಾವ ಕಡೆಗೆ ಅಂತ ಹೇಳಲು ಬಂದ ನಾಲಿಗೆ. ಹೊತ್ತಾಯ್ತು ಅಮ್ಮಾ, ಅಂದ ಕಪಿತಾನ. ಹೊತ್ತಾಯ್ತು ಅಂತ ಅವನು ಅಂದದ್ದು ಎಷ್ಟು ಉಪಕಾರವಾಯಿತು ಅವಳಿಗೆ, ಥೂ. ಅರ್ದೋಳ ಕೈ ಬಿಡಿಸಿಕೊಂಡಳು, ತಲೆಯ ಮೇಲೆ ಕೈಯಿಟ್ಟಳೋ ಇಲ್ಲವೋ, ಇಟ್ಟ ಹಾಗೆ ಮಾಡಿದಳು, ದೋಣಿಯ ಆಳೊಬ್ಬ ಬಂದು ಅವಳನ್ನು ಚೀಲ ಎತ್ತುವ ಹಾಗೆ ಭುಜಕ್ಕೆ ಎತ್ತಿಕೊಂಡ, ಅಲೆ ಬಂತು, ಗಡಿಗೆಯ ಮುಚ್ಚಳದಿಂದ ಹಾಲು ತುಳುಕಿ ಅವನ ಬೆನ್ನ ಮೇಲೆ ಇಳಿಯಿತು.

ದೋಣಿಯಲ್ಲಿ ಲೀಬಾನ್ ಎದುರಿಗೆ ಕೂತಿದ್ದಾನೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಕಪಿತಾನನೂ ನಾದಿನಿಯರೂ ಹಿಂದಿನ ದೋಣಿಯಲ್ಲಿ. ಇಲ್ಲಿರುವ ಸಿಪಾಯಿಗಳು ಎರಿತ್ರಿಯದವರು, ನಮ್ಮ ಮಾತು ತಿಳಿಯದು, ಹುಟ್ಟು ಹಾಕುವವರಿಗೆ ಗಾಳಿಯಲ್ಲಿ ಕೇಳಿಸದು. ತಮ್ಮನ ಮುಖವನ್ನು ಇವತ್ತು ಮೊದಲ ಸಲ ನೋಡುತ್ತಿದ್ದಾಳೆ. ಗಡ್ಡಕ್ಕೆ ಮದರಂಗಿ ಹಚ್ಚಿ ತಿಂಗಳಾಗಿದೆ, ಬುಡದಲ್ಲಿ ಬಿಳಿ. ಮುದುಕಿ ಏನಂದ್ಳು, ಅಂದ. ಕ್ಷಮಿಸು ಅಂದ್ಳು, ಮಗನನ್ನ. ಲೀಬಾನ್ ಸಮುದ್ರದ ಕಡೆ ನೋಡಿದ. ಆಗ ಬಂತು ಮಾತು, ದಂಡೆಯ ಮೇಲೆ ಬಾರದೇ ಇದ್ದದ್ದು ಇಲ್ಲಿ ಬಂತು, ಯಾರಿಗೂ ಉಪಯೋಗವಿಲ್ಲದ ಕಡೆ — ಲೀಬಾನ್, ಬಾವಿಯ ದಾರಿ ಹೇಳಿದ್ದು ಸಮತರ್ ಅಲ್ಲ. ನಾನು. ಆ ಕಪಿತಾನನ ಮನೆಯಲ್ಲಿ, ಕಾಫಿ ಕುಡೀತಾ, ಅಪ್ಪನ ಹೆಚ್ಚುಗಾರಿಕೆ ಹೇಳೋಕೆ ಹೋಗಿ. ಹೇಳಿ ಕಣ್ಣು ಮುಚ್ಚಿಕೊಂಡಳು. ಹೊಡೆಯಲಿ. ಸಮುದ್ರಕ್ಕೆ ತಳ್ಳಲಿ. ಅಕ್ಕ ಅನ್ನದಿರಲಿ ಇನ್ನು ಮೇಲೆ. ಹುಟ್ಟು ನೀರಿಗೆ ಬೀಳುವ ಸದ್ದು, ಎಳೆಯುವ ಸದ್ದು, ಬೀಳುವ ಸದ್ದು. ಗೊತ್ತು, ಅಂದ ಲೀಬಾನ್.

ಗೊತ್ತು ಅಂದ. ಕಣ್ಣು ತೆರೆದಳು. ಅವನು ಗಡ್ಡದಲ್ಲಿ ಸಿಕ್ಕಿದ ಉಪ್ಪು ನೀರನ್ನು ಒರೆಸಿಕೊಳ್ಳುತ್ತಿದ್ದ. ಯಾವಾಗಿಂದ? ಸಮತರ್ ಬಂದು ಬಿದ್ದ ರಾತ್ರೀನೇ ಕಪಿತಾನ ಹಡಗಿನಿಂದ ಕಾಗದ ಕಳಿಸಿದ್ದ, ಅಂದ, ನಿಮ್ಮ ಅಕ್ಕನವರಿಗೆ ನಮ್ಮ ವಂದನೆ ತಿಳಿಸಿ, ಅವರು ಹೇಳಿದ ಕಥೆಯಲ್ಲಿ ಒಂದು ಹೆಜ್ಜೇನೂ ತಪ್ಪಿರ್ಲಿಲ್ಲ ಅಂತ ಬರೆದಿದ್ದ. ಹರಿದು ಹಾಕ್ದೆ. ವಿಚಾರಣೆಗೆ ಮೊದಲೇನಾ? ಮೊದಲೇ. ಗೊತ್ತಿದ್ದೂ ಅವನನ್ನ — ನನ್ನನ್ನ ಉಳಿಸೋಕೆ ಅವನನ್ನ ಕೊಂದ್ಯಾ? ಹನ್ನೆರಡು ದಿನದಿಂದ ಹೊತ್ತುಕೊಂಡಿದ್ದಾಳೆ ಅದನ್ನು, ಸಮತರ್ ನನಗಾಗಿ ಬಾಯಿ ಮುಚ್ಚಿಕೊಂಡ, ನನಗಾಗಿ ಸತ್ತ, ಆ ಭಾರದಲ್ಲೇ ಒಂದು ಬೆಲೆಯೂ ಇತ್ತಲ್ಲ, ಒಬ್ಬರು ತನಗಾಗಿ ಸತ್ತಿದ್ದಾರೆ ಎನ್ನುವ ಬೆಲೆ. ಲೀಬಾನ್ ಅವಳನ್ನು ನೋಡಿದ, ಅವಳು ಏನೋ ಬಾಲಿಶವಾಗಿ ಕೇಳಿದ ಹಾಗೆ. ನಿನ್ನನ್ನಾ? ನಿನ್ನ ಯೋಚನೆ ಯಾರು ಮಾಡಿದ್ರು ಅಕ್ಕಾ. ಅವನ ಕುಲದೋರು ಹೊರಗಡೆ ಪಿಸಿಪಿಸಿ ಶುರು ಮಾಡಿದ್ರು, ಬಾವಿ ಹೋಯ್ತು ಇನ್ನಿವನ ಜೊತೆ ಯಾಕಿರಬೇಕು ಅಂತ. ಹೆದರಿಸೋದಕ್ಕೆ ಅವರಲ್ಲಿ ಒಬ್ಬ ಬೇಕಾಗಿತ್ತು. ಅವನು ಕೈಗೆ ಸಿಕ್ದ. ಆಮೇಲೆ ಅಂದ, ಹೆದರಲಿಲ್ಲ ಅವರು. ಅಷ್ಟೇ. ಆಟ ತಪ್ಪಿ ಕೈಬಿಟ್ಟ ಕಾಯಿಯ ಬಗ್ಗೆ ಹೇಳುವ ಹಾಗೆ. ಅಪ್ಪ ಕೂಡ ಹೀಗೇ ಮಾಡಿದ್ದನೇ, ಏಳು ತಿಂಗಳಲ್ಲಿ, ಆ ಬಾವಿಯ ಮೇಲೆ ಕೂತು, ಕಥೆಯಲ್ಲಿ ಇಲ್ಲದ ಎಷ್ಟು ಜನರನ್ನು ಗೋಡೆಗೆ ನಿಲ್ಲಿಸಿದ್ದನೋ, ಯಾರು ಹೇಳುತ್ತಾರೆ ಅವಳಿಗೆ, ಅವಳಿಗೆ ಗೊತ್ತಿರುವುದು ಏಡಿಯ ಮಾತು ಮಾತ್ರ. ಹಾಗಾದರೆ ಯಾರಿಗಾಗಿಯೂ ಅಲ್ಲ. ಅವಳಿಗಾಗಿ ಅಲ್ಲ, ದೀನ್ಲೆಗಾಗಿ ಅಲ್ಲ. ಒಂದು ಮಧ್ಯಾಹ್ನ, ಅವಳು ಕಾಲು ತೊಳೆಯುತ್ತಿದ್ದಾಗ, ನಾಲ್ಕು ಸದ್ದು.

ಅವಳು ಎದ್ದು ನಿಂತಳು. ದೋಣಿ ಓಲಾಡಿತು, ಕೂತ್ಕೋ ಅಕ್ಕಾ, ಮುಳುಗಿಸ್ತೀಯಾ, ಅಂದ ಲೀಬಾನ್, ಸಿಪಾಯಿ ತನ್ನ ಭಾಷೆಯಲ್ಲಿ ಗದರಿದ, ದಂಡೆ ಆಗಲೇ ದೂರ, ಆದರೆ ಅಷ್ಟು ದೂರವಲ್ಲ, ಅರ್ದೋ ಹೋಗಿಲ್ಲ, ಅಲೆಯ ಅಂಚಿನಲ್ಲಿ ನಿಂತಿದ್ದಾಳೆ, ಕಪ್ಪು ಮುಸುಕು ಗಾಳಿಗೆ ಹಾರುತ್ತಿದೆ. ಅರ್ದೋ! ಕೂಗಿದಳು, ಎದೆಯಲ್ಲಿದ್ದ ಉಸಿರೆಲ್ಲ ಹಾಕಿ ಕೂಗಿದಳು, ಅರ್ದೋ, ನಿನ್ನ ಮಗ ತಪ್ಪು ಮಾಡಿಲ್ಲ! ಸಮತರ್ ತಪ್ಪು ಮಾಡಿಲ್ಲ! ನಾನು, ನಾನು ಹೇಳಿದ್ದು! ಗಾಳಿ ಮಾತನ್ನು ಹಿಡಿದು ಎಲ್ಲಿಗೆ ಎಸೆಯಿತೋ, ಮಗನ ಹೆಸರು ಮಾತ್ರ ಅಲ್ಲಿಗೆ ಹೋಗಿ ಮುಟ್ಟಿರಬೇಕು, ಅರ್ದೋ ಕಿವಿಗೆ ಅಂಗೈ ಹಿಡಿದಳು, ಒಂದು ಹೆಜ್ಜೆ ನೀರಿಗಿಳಿದಳು, ದಹಬೋ ಇನ್ನೊಮ್ಮೆ ಕೂಗಿದಳು, ಸಮತರ್ —, ಧ್ವನಿ ಒಡೆಯಿತು, ಅರ್ದೋಳ ಬಾಗಿದ ಬೆನ್ನು ನೆಟ್ಟಗಾಯಿತು. ಮುದುಕಿಗೆ ತಿಳಿಯಿತು. ತಪ್ಪಾಗಿ ತಿಳಿಯಿತು. ದೋಣಿಯಲ್ಲಿ ಎದ್ದು ನಿಂತು ಸುಲ್ತಾನನ ಅಕ್ಕ ಕೂಗಿ ಹೇಳುತ್ತಿದ್ದಾಳೆ, ಇಡೀ ಊರಿಗೆ ಕೇಳುವ ಹಾಗೆ, ಕ್ಷಮಿಸಿದೆ ಅಂತ, ಇನ್ನೇನು ಹೇಳುತ್ತಾಳೆ — ಅರ್ದೋ ಎರಡೂ ಕೈಗಳನ್ನು ಮೇಲಕ್ಕೆತ್ತಿದಳು, ಅಂಗೈ ಆಕಾಶಕ್ಕೆ, ದುಆ ಮಾಡುವ ಹಾಗೆ, ನಿನ್ನ ಹೊಟ್ಟೆ ತಣ್ಣಗಿರಲಿ ಎನ್ನುವ ಹಾಗೆ, ಅಲ್ಲ ಅರ್ದೋ, ಅಲ್ಲ, ಕೈ ಇಳಿಸು, ಕೈ ಇಳಿಸಲಿಲ್ಲ ಅವಳು, ಅಲೆ ಬಂದು ಮೊಣಕಾಲಿಗೆ ಹೊಡೆಯಿತು, ಕೈ ಹಾಗೇ, ಹುಟ್ಟು ಬಿತ್ತು ಎದ್ದಿತು, ಮುಖ ಕಾಣದಾಯಿತು, ಮುಸುಕು ಕಾಣದಾಯಿತು, ಕೈ ಕಾಣುತ್ತಿದೆ, ಹಡಗಿನ ನೆರಳು ದೋಣಿಯ ಮೇಲೆ ಬಿತ್ತು, ಹತ್ತು ಅಮ್ಮಾ ಅಂದರು ಯಾರೋ, ಏಣಿ ಇಳಿಸಿದರು, ಎರಡು ಕೈ, ಹರಸುತ್ತಿರುವ ಎರಡು ಕೈ, ಅವಳನ್ನು, ನೀರಿನ ಆಚೆಯಿಂದ, ಎರಡು ಕೈ —